ಸಾಲಿನ ಕೊನೆಯ ಬೂದು ಅಕ್ಷರಗಳು

ಗೋಡೆಯ ಆಚೆ ಚುಕ್ಕಿ ಒತ್ತುವ ಯಂತ್ರ ನಿಂತಿತು, ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಶುರುವಾಯಿತು, ದಪ್ಪ ಕಾಗದದ ಮೇಲೆ ಟಕಟಕಟಕ ಎಂದು ಬ್ರೈಲ್ ಅಕ್ಷರ ಮೂಡುವ ಸದ್ದು, ಆ ದಿನವೂ ಇದೇ ಸದ್ದು ಇತ್ತು, ಬೆಳಿಗ್ಗೆ ಹತ್ತೂಕಾಲು, ನಾನು ಕನ್ನಡಕ ಒರೆಸುತ್ತಿದ್ದೆ, ಒಂದು ಗಾಜು ಮುಗಿದು ಇನ್ನೊಂದಕ್ಕೆ ಬಟ್ಟೆ ತಾಗಿಸಿದ್ದೆ, ಅಷ್ಟರಲ್ಲಿ ಫೋನು ಮೇಜಿನ ಮೇಲೆ ನಡುಗುತ್ತ ಅಂಚಿನ ಕಡೆ ಸರಿಯಿತು, ತಮ್ಮನ ಹೆಂಡತಿ. ಅತ್ತಿಗೆ, ಒಂದ್ಸಲ ಬನ್ನಿ. ಏನಾಯ್ತಮ್ಮ ಅಂದೆ. ಬನ್ನಿ ಅತ್ತಿಗೆ, ಇವರು ಕುರ್ಚಿಯಲ್ಲಿ ಕೂತ ಹಾಗೇ ಇದಾರೆ, ಕರೆದ್ರೆ ಓಗೊಡ್ತಿಲ್ಲ, ಡಾಕ್ಟ್ರು ಬಂದು ನೋಡಿ ಹೋದ್ರು. ಬಂದು ನೋಡಿ ಹೋದರು — ಔಷಧ ಬರೆದರು ಎನ್ನಲಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು ಎನ್ನಲಿಲ್ಲ, ಬಂದರು, ನೋಡಿದರು, ಹೋದರು, ಅದರ ಅರ್ಥ ಒಂದೇ, ಆ ಅರ್ಥ ಒಳಗೆ ಇಳಿಯುವ ಮೊದಲು, ಅಳು ಬರುವ ಮೊದಲು, ಎಪ್ಪತ್ತು ವರ್ಷದಿಂದ ಎಡವಿದರೂ ಸೀನಿದರೂ ಬಾಯಿಗೆ ಬರುವ ದೇವರ ಹೆಸರು ಬರುವ ಮೊದಲು, ಒಂದು ಮಾತು ನನ್ನೊಳಗೆ ಬಂದು ನಿಂತಿತು. ಇನ್ನು ಅವನಿಗೆ ಹೇಳಬೇಕಾಗಿಲ್ಲ. ಅಷ್ಟೇ ಮಾತು. ಹಗುರ ಆಯಿತು, ಭಗವಂತ, ನಿನಗೆ ಸುಳ್ಳು ಹೇಳಲಾರೆ, ಹೊರೆ ಇಳಿಸಿದವಳ ಹಾಗೆ ಭುಜ ಹಗುರ ಆಯಿತು, ಆಮೇಲೆ ಅತ್ತೆ, ನಿಜವಾಗಿಯೇ ಅತ್ತೆ, ಅವನ ಮನೆಯ ಮೆಟ್ಟಿಲ ಮೇಲೆ ಕೂತು ಎದೆ ಬಡಿದುಕೊಂಡು ಅತ್ತೆ, ನೆರೆಯವರು ನೀರು ತಂದು ಕೊಟ್ಟು, ಒಡಹುಟ್ಟು ಅಂದ್ರೆ ಹೀಗಿರಬೇಕು ನೋಡಿ ಅಂದರು, ಆ ನೀರನ್ನು ನಾನು ಕುಡಿದೆ.

ಇವತ್ತು ಹತ್ತೊಂಬತ್ತನೆಯ ದಿನ, ಈ ಬ್ರೈಲ್ ಮುದ್ರಣಾಲಯದಲ್ಲಿ ಅವನ ಕುರ್ಚಿಯಲ್ಲಿ ನಾನು ಕೂತಿದ್ದೇನೆ, ಎಡಗೈಯ ಕಡೆ ತೋಳು ಸವೆದು ಒಳಗಿನ ಸ್ಪಂಜು ಕಾಣುತ್ತದೆ, ಯೋಚನೆ ಮಾಡುವಾಗ ಅಲ್ಲಿ ಹೆಬ್ಬೆರಳು ಉಜ್ಜುತ್ತಿದ್ದ. ಅವನು ಕೆಲಸ ಬಿಟ್ಟು ಎಂಟು ತಿಂಗಳಾದರೂ ಈ ಕಂಪ್ಯೂಟರ್ ಯಂತ್ರವನ್ನು ಯಾರೂ ಮುಟ್ಟಿರಲಿಲ್ಲ, ಮೇಲೆ ಒಂದು ಹಳೆಯ ಟವೆಲು ಹೊದಿಸಿತ್ತು, ಬಂದರೂ ಬರಬಹುದು ಎಂದು ವ್ಯವಸ್ಥಾಪಕರು ಕಾದರು, ಈಗ ಕಾಯುವುದಕ್ಕೆ ಏನೂ ಉಳಿದಿಲ್ಲ. ಸೋಮವಾರ ಹೊಸಬರು ಬರ್ತಾರೆ ಮೇಡಂ, ಅವರಿಗೂ ಕಣ್ಣಿಲ್ಲ, ಒಳ್ಳೆ ಹುಡುಗಿ, ಕೈ ತುಂಬ ಚುರುಕು, ಇದನ್ನೇ ಅವರಿಗೆ ಸಿದ್ಧ ಮಾಡ್ಕೊಡಿ, ಹಳೇ ಖಾತೆ ಅಳಿಸಿಬಿಡಿ. ಅಳಿಸಿಬಿಡಿ ಎಂದರು, ಸಣ್ಣ ದನಿಯಲ್ಲಿ, ನನಗೆ ನೋವಾಗಬಾರದು ಎಂದು. ಟವೆಲು ತೆಗೆದೆ, ಮಡಿಸಿದೆ, ಮತ್ತೆ ಬಿಚ್ಚಿ ಮತ್ತೆ ಮಡಿಸಿದೆ, ಗುಂಡಿ ಒತ್ತಿದೆ, ಕಪ್ಪು ಪರದೆ ತೆರೆಯಿತು, ಆಜ್ಞೆ ಬರೆಯುವ ಸಾಲು ಬಂತು — ಹಸಿರು ಬಾಣ, ಅದರ ಮುಂದೆ ಮನೆಯ ಚಿತ್ರ, ನೀಲಿ ಪಟ್ಟಿಯಲ್ಲಿ ಫೋಲ್ಡರಿನ ಹೆಸರು, ಹಳದಿ ಪಟ್ಟಿಯಲ್ಲಿ ಗಂಟೆ, ಒಂದು ಮಿಂಚು, ಬಲ ತುದಿಯಲ್ಲಿ ಸರಿ ಗುರುತು, ಎಲ್ಲ ನಾನು ಹಚ್ಚಿದ ಬಣ್ಣ, ನಾನು ಇಟ್ಟ ಚಿತ್ರ, ಕಣ್ಣೇ ಇಲ್ಲದವನ ಪರದೆಯ ಮೇಲೆ.

ಅವನ ಹಳೆಯ ಸೆಟ್ಟಿಂಗಿನಲ್ಲಿ ಇದೇನೂ ಇರಲಿಲ್ಲ. ಬೇರೆಯವರು ಚಿತ್ರ ಒತ್ತಿ ಕೆಲಸ ಮಾಡುವಲ್ಲಿ ಅವನು ಬರೆದು ಕೆಲಸ ಮಾಡುತ್ತಿದ್ದ, ಇದನ್ನು ತೆಗೆ, ಅಲ್ಲಿಡು, ಇದರೊಳಗೆ ಆ ಪದ ಹುಡುಕು, ಒಂದೊಂದು ಸಾಲು ಒಂದೊಂದು ಆಜ್ಞೆ, ಯಂತ್ರದ ದನಿ ಅದನ್ನು ಕಿವಿಗೆ ಓದಿ ಹೇಳುತ್ತಿತ್ತು, ನಮ್ಮ ಕಿವಿಗೆ ಅದು ಮಾತಲ್ಲ, ಬಟ್ಟೆ ಹರಿದ ಸದ್ದು, ಅಷ್ಟು ವೇಗ, ಅವನಿಗೆ ಮಾತ್ರ ಸ್ಪಷ್ಟ, ಅದಕ್ಕೇ ಅವನಿಗೆ ಇಲ್ಲಿ ಕಿವಿರಾಯ ಎಂದು ಹೆಸರು, ಚುಕ್ಕಿ ಯಂತ್ರ ನಡೆಸುವ ಮೇಸ್ತ್ರಿ ಇಟ್ಟದ್ದು, ಕಿವಿರಾಯರೆ, ನಾನು ಮನಸ್ಸಲ್ಲಿ ಬೈದದ್ದು ಕೇಳಿಸ್ತಾ ಅನ್ನೋನು, ಕೇಳಿಸ್ತು ಮೇಸ್ತ್ರಿ, ಆದ್ರೆ ನಿನ್ನ ಭಾಷೆ ಸರಿ ಇರ್ಲಿಲ್ಲ ಅನ್ನೋನು ಇವನು. ಬೇರೆಯವರ ಯಂತ್ರ ಮುಂದಿನ ಆಜ್ಞೆಗೆ ಸಿದ್ಧವಾದಾಗ ಒಂದು ಚಿಹ್ನೆ ತೋರಿಸುತ್ತದೆ, ಇವನದು ಹೂಂ ಎನ್ನುತ್ತಿತ್ತು, ಇಪ್ಪತ್ತು ವರ್ಷದ ಹಿಂದೆ ಸೆಟ್ಟಿಂಗ್ ಫೈಲಿನಲ್ಲಿ ತಾನೇ ಬರೆದುಕೊಂಡದ್ದು, ಆಜ್ಞೆ ಮುಗಿಯುತ್ತಲೂ ಹೂಂ, ಮುಂದೇನು ಎನ್ನುವ ಹಾಗೆ ಹೂಂ. ಹನ್ನೊಂದನೆಯ ವಯಸ್ಸಿನಲ್ಲಿ ಜ್ವರ ಅವನ ಕಣ್ಣು ತೆಗೆದುಕೊಂಡು ಹೋಯಿತು, ಆಮೇಲೆ ಅವನ ಪಾಠವೆಲ್ಲ ನಾನು ಓದಿ ಹೇಳಿದ್ದು, ಸಾಲು ಮುಗಿದಾಗ ಹೂಂ ಎನ್ನಬೇಕಿತ್ತು ಅವನು, ಹೂಂ ಎನ್ನದಿದ್ದರೆ ನಿದ್ದೆ ಹೋಗಿದ್ದಾನೆ ಎಂದು ನಾನು ತಲೆಗೆ ಮೊಟಕುತ್ತಿದ್ದೆ. ಇದ್ಯಾಕೋ ಹೀಗೆ ಅಂತ ಕೇಳಿದಾಗ, ಅಕ್ಕ, ಅವಾಗ ನಾನು ಹೂಂಗುಡ್ತಿದ್ದೆ, ಈಗ ಇದು ನನಗೆ ಹೂಂಗುಡ್ಲಿ ಅಂದ. ಒಟ್ಟು ಮೂವತ್ತೆರಡು ಸಾಲು ಆ ಫೈಲು. ಮನೆ ಕಟ್ಟಿದವನಿಗೆ ಕತ್ತಲಲ್ಲೂ ಗೋಡೆ ಗೊತ್ತಿರುವಂತೆ ಅವನಿಗೆ ಗೊತ್ತಿತ್ತು.

ಯಾವ ಯಂತ್ರ ಕೆಟ್ಟರೂ ಯಾರು ಎಲ್ಲಿ ಬೇಕಾದರೂ ಕೂತು ಕೆಲಸ ಮಾಡುವಂತೆ ಹನ್ನೆರಡು ಕಂಪ್ಯೂಟರೂ ಒಂದೇ ರೀತಿ ಇರಲಿ, ಇದು ವ್ಯವಸ್ಥಾಪಕರ ಮಾತು, ತಪ್ಪು ಮಾತಲ್ಲ, ಮಾಡಿದವಳು ನಾನು. ನಿವೃತ್ತಿಯಾದ ಮೇಲೂ ಕಂಪ್ಯೂಟರ್ ನೋಡಿಕೊಳ್ಳಲು ನನ್ನನ್ನು ಕರೆದು ಇಟ್ಟುಕೊಂಡಿದ್ದರು, ಈ ಮುದುಕಿಗೆ ಇನ್ನು ಏನು ಬರುತ್ತದೆ ಎಂದು ಇಲ್ಲಿ ಕೆಲಸ ಮಾಡುವ ಹುಡುಗರು ಅಂದುಕೊಂಡಾರು ಎನ್ನುವ ಚುಚ್ಚು ಒಂದು ಇತ್ತು, ಹುಡುಕಿ ಹುಡುಕಿ ಒಂದು ಸಿದ್ಧ ಚೌಕಟ್ಟು ತಂದೆ, ಒಂದೇ ಸಾಲು ಬರೆದರೆ ತಾನೇ ಬಂದು ಕೂರುತ್ತದೆ, ಹಳೆಯ ಸೆಟ್ಟಿಂಗ್ ಪಕ್ಕಕ್ಕೆ ಸರಿಸಿ ತನ್ನದು ಹಾಸುತ್ತದೆ, ಅದರ ಮೇಲೆ ಬೇಕಾದ ಬಣ್ಣದ ಥೀಮ್, ಪ್ಲಗಿನ್ ಎನ್ನುವ ಬೇಕಾದ ಸಣ್ಣ ಜೋಡಣೆ, ತಪ್ಪು ಬರೆದರೆ ಕೆಂಪಾಗುವುದು, ಸರಿ ಬರೆದರೆ ಹಸಿರಾಗುವುದು, ಮತ್ತೆ ಅದು — ನಾವು ಎರಡು ಪದ ಬರೆಯುವಷ್ಟರಲ್ಲಿ, ಹಿಂದೆ ಎಂದೋ ಅದೇ ರೀತಿ ಶುರುವಾದ ಆಜ್ಞೆಯನ್ನು ನೆನಪಿಟ್ಟುಕೊಂಡು, ಉಳಿದದ್ದನ್ನು ಮುಂದೆ ಬೂದು ಬಣ್ಣದಲ್ಲಿ ತೋರಿಸುವುದು, ಬೇಕಿದ್ದರೆ ಸಾಲಿನ ಕೊನೆಗೆ ಒಯ್ಯುವ ಎಂಡ್ ಕೀ ಒತ್ತಿದರೆ ಸಾಕು, ಬೂದು ಬಿಳಿಯಾಗುತ್ತದೆ, ನಾವೇ ಬರೆದ ಹಾಗೆ ಆಗುತ್ತದೆ. ಅದನ್ನು ಕಂಡು ಎಷ್ಟು ಹಿಗ್ಗಿದೆ. ನಮ್ಮ ಮನಸ್ಸು ಓದುತ್ತದೆ ನೋಡ್ರಪ್ಪ ಅಂದೆ. ಮೇಡಂ, ನಿಮ್ಮ ಪರದೆ ನೋಡಿದ್ರೆ ನಮಗೆ ಹೊಟ್ಟೆ ಉರಿಯುತ್ತೆ ಅಂದರು ಆ ಹುಡುಗರು, ಆ ಮಾತನ್ನು ಮನೆಗೆ ಹೋಗುವ ತನಕ ಬಾಯಲ್ಲಿ ಸಿಹಿಯ ಹಾಗೆ ಇಟ್ಟುಕೊಂಡೆ. ಹನ್ನೊಂದು ಯಂತ್ರ ಆಯಿತು, ಹನ್ನೆರಡನೆಯದು ಅವನದು, ಅವನು ಹಲ್ಲು ಕೀಳಿಸಲು ರಜೆ ಹಾಕಿದ್ದ ದಿನ ಕೂತೆ, ಕೇಳಬೇಕು ಎನಿಸಲಿಲ್ಲ, ಒಡಹುಟ್ಟಿದವನನ್ನು ಏನು ಕೇಳುವುದು, ಅವನ ಪರವಾಗಿ ಅಂಗಡಿಯಲ್ಲಿ ಮಾತಾಡಿದ್ದು ನಾನು, ಡಾಕ್ಟರ ಹತ್ತಿರ ಮಾತಾಡಿದ್ದು ನಾನು, ಅವನು ಬಾಯಿ ತೆರೆದರೆ ಉಳಿದದ್ದನ್ನು ಮುಗಿಸುತ್ತಿದ್ದದ್ದು ನಾನು. ಎಲ್ಲ ಸರಿ ನಡೆಯುತ್ತದೆಯೋ ನೋಡಲು ಅವನ ಎರಡು ಫೋಲ್ಡರುಗಳ ಪ್ರತಿ ಬೇರೆ ಕಡೆ ಮಾಡಿಕೊಂಡೆ, ಗಣಿತ ಕರಡು, ಗಣಿತ ಅಂತಿಮ, ಪರೀಕ್ಷೆ ಮುಗಿದ ಮೇಲೆ ಆ ಪ್ರತಿಗಳು ಬೇಡ ಎಂದು ಎರಡನ್ನೂ ಒಂದೇ ಸಾಲಿನಲ್ಲಿ ಅಳಿಸಿದೆ, ಅಳಿಸು, ಗಣಿತ ಕರಡು, ಗಣಿತ ಅಂತಿಮ. ಎಂಟರ್. ಮೇಜು ಒರೆಸಿ ಹೋಗುವವಳ ಹಾಗೆ ಚೊಕ್ಕಟ ಮಾಡಿ ಹೋದೆ. ಮೂರು ನಿಮಿಷ, ಮೂರೇ ನಿಮಿಷ ಪರದೆ ಆರಿಸಿ ಅವನ ಹೆಡ್‌ಫೋನು ಹಾಕಿಕೊಂಡು ಕೂತಿದ್ದರೆ ಅವನಿಗೆ ಏನು ಕೇಳಿಸುತ್ತದೆ ಎಂದು ತಿಳಿಯುತ್ತಿತ್ತು.

ಮಾರನೆಯ ದಿನ ಕೆನ್ನೆ ಊದಿಸಿಕೊಂಡು ಬಂದ, ಹೆಡ್‌ಫೋನು ಹಾಕಿದ, ಒಂದು ಸಾಲು ಬರೆದ, ನಿಂತ. ಅಕ್ಕ, ಇದಕ್ಕೆ ಏನಾಗಿದೆ. ಏನಾಗಿದೆಯೋ. ಬಲ ಬಾಣ ಅಂತೆ, ಮನೆ ಅಂತೆ, ನೀಲಿ ಅಂತೆ, ಹತ್ತು ಗಂಟೆ ನಾಲ್ಕು ನಿಮಿಷ ಅಂತೆ, ಮಿಂಚು ಅಂತೆ, ಸರಿ ಗುರುತು ಅಂತೆ, ಒಂದು ಮಾತು ಕೇಳಿದ್ರೆ ಇದು ತನ್ನ ವಂಶಾವಳಿ ಪೂರ್ತಿ ಹೇಳಿ ಆಮೇಲೆ ಉತ್ತರ ಕೊಡುತ್ತೆ, ನನ್ನ ಹೂಂ ಎಲ್ಲಿ. ಎಲ್ಲರದ್ದೂ ಒಂದೇ ಥರ ಮಾಡಿದೀವಿ ಕಣೋ, ಅಭ್ಯಾಸ ಆಗುತ್ತೆ ಅಂದೆ. ನನ್ನ ಹಳೇದು ಹಾಕ್ಕೊಡು ಅಕ್ಕ. ಎರಡು ದಿನ ನೋಡು. ಎರಡು ದಿನ ನೋಡಿದ. ಮೂರನೆಯ ದಿನ ಕೇಳಿದ. ಸಾಹೇಬರು ಒಂದೇ ಥರ ಇರಲಿ ಅಂದಿದಾರೆ, ನಿನಗೊಬ್ಬನಿಗೆ ಬೇರೆ ಮಾಡಿದ್ರೆ ನನ್ನ ಮಾತಿಗೆ ಏನು ಬೆಲೆ ಅಂದೆ, ಸಾಹೇಬರು ಬೇಡ ಎನ್ನುತ್ತಿರಲಿಲ್ಲ, ನಾನು ಕೇಳಿಯೇ ಇರಲಿಲ್ಲ. ಹೋಗ್ಲಿ ಬಿಡು ಅಂದ. ತಾನೇ ಸರಿ ಮಾಡಿಕೊಳ್ಳುವ ಹಾಗೂ ಇರಲಿಲ್ಲ, ಆ ಫೈಲಿಗೆ ನನ್ನ ಪಾಸ್‌ವರ್ಡ್ ಬೀಗ ಹಾಕಿದ್ದೆ, ಯಾರೂ ಕೆಡಿಸಬಾರದು ಎಂದು. ಅವನು ತನ್ನ ಕೈಯಲ್ಲಿ ಆಗುವುದೊಂದನ್ನು ಮಾಡಿದ, ಓದಿ ಹೇಳುವ ದನಿಯ ಬಾಯಿ ಕಟ್ಟಿದ, ಕೇಳಿದರೆ ಮಾತ್ರ ಮಾತಾಡು, ಸಾಲಿನ ಕೊನೆಗೆ ಬಂದರೆ ಓದಬೇಡ, ಒಂದು ಟಿಂಗ್ ಸಾಕು. ಮೊದಲಿಂದ ಅವನಿಗೊಂದು ಪದ್ಧತಿ ಇತ್ತು, ಯಾವ ಆಜ್ಞೆ ಬರೆದರೂ ಎಂಟರ್ ಒತ್ತುವ ಮೊದಲು ಎಂಡ್ ಕೀ ಒತ್ತಿ ಸಾಲಿನ ಕೊನೆ ಕೇಳಿಸಿಕೊಳ್ಳುವುದು, ಬಾಗಿಲು ಹಾಕಿ ಒಮ್ಮೆ ತಳ್ಳಿ ನೋಡುವವರ ಹಾಗೆ, ಇಪ್ಪತ್ತು ವರ್ಷ ಆ ಪದ್ಧತಿ ಅವನನ್ನು ಕಾಪಾಡಿತು. ಆ ಎಂಡ್ ಕೀ. ಕಾಪಾಡುವ ಕೀಲಿಯನ್ನೇ ನಾನು —

ಗಣಿತದ ಎರಡನೆಯ ಭಾಗ, ಹತ್ತನೆಯ ತರಗತಿಗೆ, ಇನ್ನೂರ ಹನ್ನೆರಡು ಆಕೃತಿಗಳು, ತ್ರಿಕೋನ, ವೃತ್ತ, ಶಂಕು, ಬೆರಳಿಗೆ ತಿಳಿಯುವಂತೆ ಒಂದೊಂದು ಗೆರೆಯ ಚುಕ್ಕಿಗಳನ್ನು ಅವನೇ ಕೂತು ಎಣಿಸಿ ಇಟ್ಟದ್ದು, ನಲವತ್ತು ದಿನದ ಕೆಲಸ, ಮುಗಿದಿತ್ತು. ಕರಡು ಇನ್ನು ಬೇಡ ಎಂದು ಅಳಿಸಲು ಹೊರಟ, ಹನ್ನೊಂದು ಗಂಟೆ ನಲವತ್ತು ನಿಮಿಷ, ಅಳಿಸು ಎಂದು ಬರೆದ, ಗಣಿತ ಕರಡು ಎಂದು ಬರೆದ, ಅಷ್ಟಕ್ಕೇ ನಿಲ್ಲಿಸಿದ, ಅವನ ಮುಂದೆ ಪರದೆಯ ಮೇಲೆ ಬೂದು ಬಣ್ಣದಲ್ಲಿ ಗಣಿತ ಅಂತಿಮ ಎಂದು ಮೂಡಿ ನಿಂತಿತ್ತು, ಕಣ್ಣಿದ್ದವನಿಗೆ ಕಾಣುವ ಬೂದು, ಅವನು ಎಂಡ್ ಕೀ ಒತ್ತಿದ, ಬೂದು ಬಿಳಿಯಾಯಿತು, ಟಿಂಗ್ ಕೇಳಿಸಿತು, ಸಾಲು ಮುಗಿದಿದೆ, ಸರಿ, ಎಂಟರ್. ಎರಡೂ ಹೋದವು. ಹನ್ನೆರಡಕ್ಕೆ, ಬ್ಯಾಕಪ್ಪಿಗೆಂದು ಇನ್ನೊಂದು ಯಂತ್ರದಲ್ಲಿ ದಿನದ ಪ್ರತಿ ತೆಗೆಯುವ ಕೆಲಸ ತಾನಾಗಿ ನಡೆಯಿತು, ಇಲ್ಲಿ ಇಲ್ಲದ್ದನ್ನು ಅಲ್ಲಿಯೂ ಇಲ್ಲ ಮಾಡಿತು, ಅದೂ ನಾನೇ ಇಟ್ಟ ಏರ್ಪಾಡು. ಊಟ ಮಾಡಿ ಬಂದು ಎರಡು ಗಂಟೆಗೆ ಹುಡುಕಿದ. ಅಕ್ಕ, ಇಲ್ಲಿ ಬಾ ಸ್ವಲ್ಪ. ಆ ದನಿ, ಕಣ್ಣು ಹೋದ ವರ್ಷ ಕೊಳದ ಮೆಟ್ಟಿಲಲ್ಲಿ ನಾನು ಅವನ ಕೈ ಬಿಟ್ಟಾಗ ಕರೆದಿದ್ದ ದನಿ.

ಆ ಸಂಜೆ ಎಲ್ಲರೂ ಹೋದ ಮೇಲೆ, ಐದೂವರೆಗೆ, ಕಿಟಕಿಯಲ್ಲಿ ಬೆಳಕಿತ್ತು, ಇದೇ ಕುರ್ಚಿಯಲ್ಲಿ ಕೂತು ಯಂತ್ರ ನೆನಪಿಟ್ಟುಕೊಂಡ ಆಜ್ಞೆಗಳ ಪಟ್ಟಿ ತೆರೆದೆ, ಒಂದೇ ಸಾಲು ಎರಡು ಸಲ, ಒಂದು ಅವನು ಹಲ್ಲಿನ ಡಾಕ್ಟರ ಹತ್ತಿರ ಇದ್ದ ದಿನದ್ದು, ಒಂದು ಆ ಬೆಳಗಿನದು. ಅಳಿಸು ಎಂದು ಬರೆದೆ, ಗಣಿತ ಕರಡು ಎಂದು ಬರೆದೆ, ಕೈ ಎತ್ತಿದೆ. ಬೂದು ಅಕ್ಷರ ಮೂಡಿತು. ನನ್ನ ಮಾತು. ಅವನ ಮಾತಿನ ಮುಂದೆ ನನ್ನ ಮಾತು ಕೂತಿತ್ತು. ಎದ್ದು ಅವನ ಮನೆಗೆ ಹೋಗಬಹುದಿತ್ತು, ಎರಡು ಬೀದಿ, ಹತ್ತು ನಿಮಿಷ, ಹೋಗಲಿಲ್ಲ, ನಾಳೆ ಸಾಹೇಬರ ಮುಂದೆಯೇ ಹೇಳುತ್ತೇನೆ ಎಂದುಕೊಂಡೆ, ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂತೆ, ಧೈರ್ಯ ಕೊಡು ಎಂದು ಕೇಳಿದೆ, ಕೇಳಿ ಬಂದವಳು ವ್ಯವಸ್ಥಾಪಕರ ಕೋಣೆಯಲ್ಲಿ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ನಾನು ಯಾರನ್ನೂ ಬೈಯೋಕೆ ಕರೆದಿಲ್ಲ, ಪುಸ್ತಕ ಐದು ವಾರ ತಡ ಆಗುತ್ತೆ, ಮಕ್ಕಳಿಗೆ ಪರೀಕ್ಷೆ ಇದೆ, ಏನಾಯ್ತು ಅಂತ ಗೊತ್ತಾಗ್ಬೇಕು ಅಷ್ಟೆ ಅಂದರು ಅವರು. ಸರ್, ನಾನು ಕರಡಿನ ಹೆಸರು ಮಾತ್ರ ಬರೆದೆ ಅಂತಲೇ ನನ್ನ ನೆನಪು ಅಂದ ಇವನು. ಕಂಪ್ಯೂಟರ್ ತಾನಾಗಿ ಬರೆಯಲ್ಲವಲ್ಲ. ಬರೆಯಲ್ಲ ಸರ್. ಮೇಡಂ, ನೀವು ನೋಡಿದ್ರಲ್ಲ, ಹಾಗಾಗೋಕೆ ಸಾಧ್ಯ ಇದೆಯಾ. ಹನ್ನೆರಡು ಯಂತ್ರದ ಬಣ್ಣ, ಹುಡುಗರ ಹೊಗಳಿಕೆ, ಈ ಮುದುಕಿಗೆ ಏನು ಬರುತ್ತದೆ, ಎಲ್ಲ ಒಟ್ಟಿಗೆ ನೆನಪಾದವು, ಬೆರಳು ತಪ್ಪಿರಬೇಕು ಸರ್, ಅವನಿಗೂ ವಯಸ್ಸಾಯ್ತು ಅಂದೆ. ನಾನೇ ಅಂದೆ. ನನ್ನ ದನಿ ಬಂದ ಕಡೆ ಅವನು ಮುಖ ತಿರುಗಿಸಿದ, ಯಾವಾಗಲೂ ಸ್ವಲ್ಪ ಕೆಳಗೆ, ನನ್ನ ಕೊರಳಿನ ಹತ್ತಿರಕ್ಕೆ ತಿರುಗುತ್ತಿತ್ತು ಅವನ ಮುಖ. ಅಕ್ಕ ನೋಡಿದಾಳೆ ಅಂದ್ರೆ ಸರಿ ಸರ್, ನನ್ನದೇ ಇರಬೇಕು.

ವಾರಕ್ಕೆ ರಾಜೀನಾಮೆ ಬರೆದ. ಅದಾದ ಮೇಲೆ ಎಂಟು ತಿಂಗಳು ನಾನು ಪ್ರತಿ ಭಾನುವಾರ ಹೋದೆ, ಹಣ್ಣು ತೆಗೆದುಕೊಂಡು ಹೋದೆ, ಪತ್ರಿಕೆ ಓದಿ ಹೇಳಿದೆ. ಕೆಲಸ ಹೋದದ್ದು ಅವನಿಗೆ ದೊಡ್ಡದಲ್ಲ, ಬೆರಳು ಹೋಯಿತು, ಬೆರಳಿನ ಮೇಲಿನ ನಂಬಿಕೆ ಹೋಯಿತು, ಕಣ್ಣಿಲ್ಲದವನಿಗೆ ಅದಲ್ಲದೆ ಬೇರೇನಿದೆ. ಅತ್ತಿಗೆ, ಇವರು ಅಂಗಿ ಗುಂಡಿ ಹಾಕಿ, ಸರಿ ಇದೆಯಾ ನೋಡು ಅಂತ ನನ್ನ ಕರೀತಾರೆ, ಮದುವೆಯಾದಾಗಿಂದ ಒಂದು ದಿನ ಕೇಳಿದವರಲ್ಲ. ಒಲೆಯ ತಿರುಪು ಆರಿಸಿ ಮೂರು ಸಲ ಮುಟ್ಟಿ ನೋಡುತ್ತಾನಂತೆ, ಮುಟ್ಟಿ ನೋಡಿ ನಂಬದೆ ಅವಳನ್ನು ಕೂಗುತ್ತಾನಂತೆ. ಬ್ರೈಲ್ ಪುಸ್ತಕದ ಮೇಲೆ ಬೆರಳು ಓಡಿಸುತ್ತ ಮಧ್ಯೆ ನಿಲ್ಲಿಸಿ, ಅಕ್ಕ, ಇಲ್ಲಿ ಮರ ಅಂತಿದೆಯಾ ಮನ ಅಂತಿದೆಯಾ, ಸುಮ್ನೆ ಹೇಳು ಅಂದ ಒಂದು ದಿನ. ಮರ ಅಂತಲೇ ಇದೆ ಕಣೋ. ಹೌದಾ, ನನಗೂ ಮರ ಅಂತಲೇ ಅನ್ನಿಸ್ತು, ಆದ್ರೆ ಏನು ನಂಬಿಕೆ ಹೇಳು. ಆಗ ಹೇಳಬಹುದಿತ್ತು. ನಾಲಿಗೆಯ ಮೇಲೆ ಇತ್ತು, ನಿನ್ನ ಬೆರಳು ತಪ್ಪಲಿಲ್ಲ ಕಣೋ ಎನ್ನುವ ನಾಲ್ಕು ಪದ, ತಮ್ಮನ ಹೆಂಡತಿ ಕಾಫಿ ತಂದಳು, ಸಕ್ಕರೆ ಸಾಕಾ ಅತ್ತಿಗೆ ಅಂದಳು, ಸಾಕು ಅಂದೆ. ಮನೆಗೆ ಬಂದು ದೇವರಿಗೆ ಹೇಳಿದೆ, ದಿನಾ ದೇವರಿಗೆ ಹೇಳಿದೆ, ನಡೆದದ್ದನ್ನು ನಡೆದ ಹಾಗೆ, ಒಂದು ಮಾತು ಬಿಡದೆ, ಹೇಳಿ ಎದ್ದಾಗ ಮನಸ್ಸು ತಿಳಿಯಾಗುತ್ತಿತ್ತು, ಆ ತಿಳಿಯೇ ನನ್ನನ್ನು ಕೆಡಿಸಿತು. ಭಗವಂತ, ನಿನಗೆ ಹೇಳುವುದು ಸುಲಭ, ನೀನು ಮುಖ ತಿರುಗಿಸಿ ನನ್ನ ಕೊರಳಿನ ಕಡೆ ನೋಡುವುದಿಲ್ಲ.

ಈಗ ಮಾಡಬೇಕಾದದ್ದು ಎರಡು ನಿಮಿಷದ ಕೆಲಸ, ಹೊಸ ಹುಡುಗಿಯ ಖಾತೆ ತೆರೆಯುವುದು, ಪ್ಲಗಿನ್‌ಗಳ ಪಟ್ಟಿಯಲ್ಲಿ ಬೂದು ತೋರಿಸುವ ಆ ಒಂದು ಹೆಸರು ತೆಗೆಯುವುದು, ಬಾಣ ಮಿಂಚು ತೆಗೆಯುವುದು, ಅವನ ಖಾತೆ ಅಳಿಸುವುದು, ಅದರ ಜೊತೆ ಆ ಎರಡು ಸಾಲೂ ಹೋಗುತ್ತವೆ, ಅವಳಿಗೆ ಅಪಾಯ ಇಲ್ಲ, ಯಾರಿಗೂ ಏನೂ ತಿಳಿಯುವುದಿಲ್ಲ, ಸತ್ತವನಿಗೆ ಏನು ವ್ಯತ್ಯಾಸ — ಬರೆದೂ ಆಯಿತು, ಖಾತೆ ಅಳಿಸುವ ಆಜ್ಞೆ ಪೂರ್ತಿ ಬರೆದು ಎಂಟರ್ ಮೇಲೆ ಬೆರಳಿಟ್ಟಿದ್ದೇನೆ, ಗೋಡೆಯ ಆಚೆಯ ಸದ್ದು ನಿಂತಿತು, ಮೇಸ್ತ್ರಿ ಬಾಗಿಲಲ್ಲಿ, ಕೈಯಲ್ಲಿ ಮಡಿಸಿದ ಚೀಟಿ. ಅಮ್ಮ, ಸಾಹೇಬ್ರು ಕೊಟ್ರು, ಹೊಸಬರಿಗೆ ಏನೇನು ಕೊಡಬೇಕು ಅಂತ. ಇಡಪ್ಪ ಅಲ್ಲಿ. ಇಟ್ಟ, ಹೋಗಲಿಲ್ಲ, ಕುರ್ಚಿಯ ಸವೆದ ತೋಳು ನೋಡಿದ. ಕಿವಿರಾಯರು ಇದ್ದಿದ್ರೆ ಸೋಮವಾರ ಆ ಹುಡುಗಿ ಕಾಲ್ಸಪ್ಪಳ ಕೇಳಿ ಊರು ಹೇಳ್ತಿದ್ರು ಅಂದ, ನಕ್ಕ, ನಗು ಅರ್ಧಕ್ಕೆ ನಿಲ್ಲಿಸಿದ. ಚೀಟಿ ಬಿಚ್ಚಿದೆ. ಬರೆಯುವ ಅಧಿಕಾರ ಇರಲಿ, ತಿದ್ದುವ ಅಧಿಕಾರ ಇರಲಿ, ಅಳಿಸುವ ಅಧಿಕಾರ ಬೇಡ. ಅದ್ಯಾಕೆ ಮೇಸ್ತ್ರಿ, ಎಲ್ಲರಿಗೂ ಇದೆಯಲ್ಲ. ಅದೇ ಅಮ್ಮ, ಕಣ್ಣಿಲ್ಲದವರಿಗೆ ಬೇಡ ಅಂತ ಈಗ ನಿಯಮ ಮಾಡಿದಾರೆ, ಕಿವಿರಾಯರ ಥರ ಇನ್ನೊಂದ್ಸಲ ಆಗಬಾರದಲ್ಲ, ಅವರಂಥವರ ಕೈಯೇ ತಪ್ಪಿತು ಅಂದ್ಮೇಲೆ. ಏನೋ ತಪ್ಪು ಆಡಿದೆನೆಂದು ತಲೆ ಕೆರೆದುಕೊಂಡು ಹೋದ. ಅವರಂಥವರ ಕೈಯೇ ತಪ್ಪಿತು ಅಂದ ಮೇಲೆ. ನಾನು ಆಡಿದ ಒಂದು ಮಾತು ಕಾಗದದ ಮೇಲೆ ನಿಯಮವಾಗಿ ಬಂದಿದೆ, ನಾನು ಮುಖ ಕಂಡಿಲ್ಲದ ಒಂದು ಹೆಣ್ಣುಮಗುವಿನ ಕೈ ಕಟ್ಟಲು, ಅವಳ ನಂತರ ಬರುವವರ ಕೈ ಕಟ್ಟಲು, ಎಲ್ಲ ಅವನ ಹೆಸರಿನಲ್ಲಿ. ಎಂಟರ್ ಮೇಲಿನ ಬೆರಳು ತೆಗೆದೆ. ಬರೆದದ್ದನ್ನು ಒಂದೊಂದೇ ಅಕ್ಷರ ಹಿಂದಕ್ಕೆ ಅಳಿಸಿದೆ.

ಸರ್, ಒಂದು ನಿಮಿಷ ಈ ಕಡೆ ಬನ್ನಿ. ವ್ಯವಸ್ಥಾಪಕರು ಪೆನ್ನಿನ ಮುಚ್ಚಳ ಹಾಕಿಕೊಂಡು ಬಂದರು, ನನ್ನ ಹಿಂದೆ ನಿಂತರು, ನಾನು ಬರೆದೆ, ಅಳಿಸು, ಗಣಿತ ಕರಡು, ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಬೂದು ಅಕ್ಷರ ಮೂಡಿತು. ಅವನು ಬರೆದದ್ದು ಇಷ್ಟು ಸರ್, ಈ ಬೂದು ನನ್ನದು, ಅವನು ರಜೆಯಲ್ಲಿದ್ದ ದಿನ ನಾನು ಬರೆದ ಆಜ್ಞೆ, ಅವನ ಯಂತ್ರದಲ್ಲಿ ಉಳಿದಿತ್ತು, ಅವನಿಗೆ ಬೂದು ಕಾಣುವುದಿಲ್ಲ, ಸಾಲಿನ ಕೊನೆ ನೋಡಲು ಅವನು ಎಂಡ್ ಒತ್ತುತ್ತಿದ್ದ, ಒತ್ತಿದ, ಅಷ್ಟೆ, ಅವನ ಬೆರಳು ತಪ್ಪಲಿಲ್ಲ. ದಿನಾಂಕ ತೋರಿಸಿದೆ, ಎರಡೂ ಸಾಲು ತೋರಿಸಿದೆ. ಅವರು ಬಗ್ಗಿ ಓದಿದರು, ಮತ್ತೆ ಓದಿದರು. ಇದು ನಿಮಗೆ ಯಾವಾಗ ಗೊತ್ತಾಯ್ತು. ಅವತ್ತೇ ಸರ್, ನೀವು ಕರೆಯೋ ಹಿಂದಿನ ಸಂಜೆ. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು, ಅವರು ಪಕ್ಕದ ಸ್ಟೂಲಿನ ಮೇಲೆ ಕೂತರು. ಮೇಡಂ, ಹೋಗುವ ದಿನ ಅವರು ಈ ಬಾಗಿಲ ಹತ್ತಿರ ನನ್ನ ಕೈ ಹಿಡ್ಕೊಂಡು ಕ್ಷಮೆ ಕೇಳಿದ್ರು, ಮಕ್ಕಳಿಗೆ ಅನ್ಯಾಯ ಮಾಡಿದೆ ಸರ್ ಅಂದ್ರು, ನಾನು ಪರವಾಗಿಲ್ಲ ಬಿಡಿ ಅಂದೆ, ದೊಡ್ಡ ಮನಸ್ಸು ಮಾಡಿದ ಹಾಗೆ ಪರವಾಗಿಲ್ಲ ಅಂದೆ. ಆ ಚೀಟಿ ಇತ್ತ ಕೊಡಿ ಅಂದರು, ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. ಎಲ್ಲರನ್ನೂ ಕರೆದು ನಾನೇ ಹೇಳ್ತೀನಿ. ಬೇಡ ಸರ್, ನಾನು ಹೇಳ್ತೀನಿ. ಅವರ ಮನೆಯವರಿಗೆ ಹೇಳಿದೀರಾ. ಇಲ್ಲ. ಅವರು ಎದ್ದರು, ಮೊದಲು ಅಲ್ಲಿ ಹೇಳಿ ಮೇಡಂ ಅಂದರು, ಬಾಗಿಲು ಎಳೆದುಕೊಂಡು ಹೋದರು.

ಎರಡೇ ಸಲ ರಿಂಗಾಯಿತು. ಹೇಳಿ ಅತ್ತಿಗೆ, ಊಟ ಆಯ್ತಾ. ಆಗಿಲ್ಲಮ್ಮ, ನಿನ್ನ ಹತ್ತಿರ ಒಂದು ಮಾತು ಹೇಳಬೇಕು, ಮಧ್ಯೆ ಏನೂ ಅನ್ನಬೇಡ, ಅಂದ್ರೆ ನನಗೆ ಮುಗಿಸೋಕಾಗಲ್ಲ. ಹೇಳಿದೆ, ಹಲ್ಲಿನ ಡಾಕ್ಟರ ದಿನದಿಂದ, ಬಣ್ಣದಿಂದ, ಬೂದು ಅಕ್ಷರದಿಂದ, ಸಾಹೇಬರ ಕೋಣೆಯಲ್ಲಿ ನಾನು ಆಡಿದ ಮಾತಿನ ತನಕ, ಆ ತುದಿಯಲ್ಲಿ ನಲ್ಲಿ ಸುರಿಯುವ ಸದ್ದು ಇತ್ತು, ನಡುವೆ ಎಲ್ಲೋ ಅದು ನಿಂತಿತು, ಅವಳ ಉಸಿರು ಕೇಳುತ್ತಿತ್ತು, ಮುಗಿಸಿದೆ. ಅವಳು ಅಳಲಿಲ್ಲ. ಪ್ರತಿ ಭಾನುವಾರ ಬರ್ತಿದ್ರಲ್ಲ ಅತ್ತಿಗೆ ಅಂದಳು. ಹೌದಮ್ಮ. ಪ್ರತಿ ಭಾನುವಾರ. ಹೌದು. ಇಡ್ತೀನಿ ಅಂದಳು, ಇಟ್ಟಳು, ಕೋಪದಲ್ಲಿ ಅಲ್ಲ, ಕೈಯಲ್ಲಿದ್ದ ಪಾತ್ರೆ ಕೆಳಗಿಡುವ ಹಾಗೆ. ಫೋನು ಕಿವಿಗೆ ಹಾಗೇ ಒತ್ತಿಕೊಂಡು ಕೂತಿದ್ದೇನೆ, ಪರದೆಯ ಮೇಲೆ ಅವನ ಮೂರು ಪದ ಬಿಳಿಯಾಗಿ ನಿಂತಿವೆ, ಅದರ ಮುಂದೆ ನನ್ನದು ಬೂದಾಗಿ, ಯಾರಾದರೂ ಒತ್ತಲಿ ಎಂದು ಕಾಯುತ್ತಿದೆ, ಕ್ಷಮಿಸು ಎಂದು ಕೇಳಲು ಹೋದರೂ ಅವನ ಬಾಯಲ್ಲಿ ಕ್ಷಮಿಸಿದೆ ಅಕ್ಕ ಎನ್ನುವ ಮಾತನ್ನು ನಾನೇ ಹಾಕಿಬಿಡುತ್ತೇನೆ, ಹಾಕಬಾರದು, ಅದು ಅವನದು, ಆ ಸಾಲು ಅಲ್ಲಿಗೇ ನಿಲ್ಲಲಿ, ಬೂದಿನ ಈಚೆ, ಅವನು ಬರೆದು ನಿಲ್ಲಿಸಿದ ಕಡೆ. ಭಗವಂತ, ನನಗಾಗಿ ಏನೂ ಕೇಳುವುದಿಲ್ಲ. ಅವನು ಈಗ ಎಲ್ಲಿದ್ದಾನೋ ಅಲ್ಲಿ, ನನ್ನಿಂದ ಕೇಳಬೇಕಿದ್ದದ್ದನ್ನು ನಿನ್ನಿಂದ ಕೇಳಲಿ, ಅವನ ಬೆರಳು ತಪ್ಪಲಿಲ್ಲ ಎಂದು ಅವನಿಗೆ ತಿಳಿಸು, ಹತ್ತು ಬೆರಳನ್ನೂ ಒಂದೊಂದಾಗಿ ಹಿಡಿದು ತಿಳಿಸು, ಎರಡನೆಯ ಸಲ ಮುಟ್ಟಿ ನೋಡುವ ಅಗತ್ಯ ಅವನಿಗೆ ಇನ್ನು ಬಾರದಿರಲಿ, ಆ ಕೈಗಳು ಸುಮ್ಮನೆ ಮಡಿಲಲ್ಲಿ ಒರಗಿರಲಿ, ಶಾಂತವಾಗಿರಲಿ, ನನ್ನ ತಮ್ಮ ಶಾಂತವಾಗಿರಲಿ.